ಮಗು ತೋರಿಸದಿದ್ದರೆ ದುಡ್ಡು ಯಾಕೆ ಕೊಡಬೇಕು?

ಫ್ಯಾಮಿಲಿ ಕೋರ್ಟಿನ ಕಾರಿಡಾರಿನಲ್ಲಿ ಒಂದು ಬೆಳಿಗ್ಗೆ ಕೂತರೆ ಸಾಕು, ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಆಚೆ ಬೆಂಚಿನಲ್ಲಿ ಇದರ ಜೋಡಿ ಪ್ರಶ್ನೆಯೂ ಕೂತಿರುತ್ತದೆ: ‘ದುಡ್ಡೇ ಕೊಡದವನಿಗೆ ಮಗು ಯಾಕೆ ತೋರಿಸಬೇಕು?’

ಅಕ್ಕನ ಕೇಸಿಗೆಂದು ಎರಡು ವರ್ಷ ಅಂಥ ಬೆಂಚುಗಳ ಮೇಲೆ ಕೂತು ಎದ್ದಿದ್ದೇನೆ. ವಾಯಿದೆ ಮೇಲೆ ವಾಯಿದೆ. ಆಮೇಲೆ ಗೊತ್ತಿದ್ದವರು, ಅವರಿಗೆ ಗೊತ್ತಿದ್ದವರು ಫೋನ್ ಮಾಡಿ ಕೇಳುವುದು ಶುರುವಾಯಿತು. ವಕೀಲಿಕೆ ನನ್ನ ಕಸುಬಲ್ಲ. ಆದರೂ ಕೇಳುತ್ತಾರೆ. ವಕೀಲರನ್ನು ಕೇಳಲು ಸಂಕೋಚ, ಮನೆಯವರನ್ನು ಕೇಳಿದರೆ ರಂಪ. ಹಾಗಾಗಿ ಕಾಯ್ದೆ, ತೀರ್ಪುಗಳನ್ನು ಓದುವ ಚಟ ಅಂಟಿಕೊಂಡಿತು.

ಫೋನ್ ಮಾಡುವವರು ಹೆಚ್ಚಾಗಿ ಮೂರು ವಿಷಯಗಳನ್ನು ಒಂದೇ ಗಂಟು ಕಟ್ಟಿಕೊಂಡು ಬಂದಿರುತ್ತಾರೆ. ಮದುವೆ ಮುರಿಯುವುದು, ಮಗು ಯಾರ ಹತ್ತಿರ ಇರಬೇಕು ಅನ್ನುವುದು, ಆಮೇಲೆ ದುಡ್ಡು. ಕಾನೂನು ಈ ಮೂರನ್ನೂ ಬೇರೆ ಬೇರೆ ಇಟ್ಟಿದೆ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯಾಪಾರಕ್ಕೆ ಅಲ್ಲಿ ಜಾಗ ಇಲ್ಲ. ಗಂಡ ಜೀವನಾಂಶ ಬಾಕಿ ಇಟ್ಟಿದ್ದರೂ ಮಗುವನ್ನು ನೋಡಲು ಕೋರ್ಟು ಆದೇಶ ಕೊಟ್ಟಿದ್ದರೆ ತೋರಿಸಲೇಬೇಕು. ಹೆಂಡತಿ ಮಗು ತೋರಿಸದಿದ್ದರೂ ಜೀವನಾಂಶ ಕಟ್ಟಲೇಬೇಕು. ಬಾಕಿ ವಸೂಲಿಗೆ ಒಂದು ಅರ್ಜಿ, ಭೇಟಿ ತಪ್ಪಿಸಿದ್ದಕ್ಕೆ ಇನ್ನೊಂದು ಅರ್ಜಿ. ಒಂದರ ಸಿಟ್ಟನ್ನು ಇನ್ನೊಂದರ ಮೇಲೆ ತೀರಿಸಿಕೊಂಡವರ ಕೇಸು ಕೆಡುವುದನ್ನೇ ನಾನು ಜಾಸ್ತಿ ನೋಡಿದ್ದು.

ಮೂರರಲ್ಲಿ ಡೈವೋರ್ಸ್ ವಿಷಯವೇ ಕಡಿಮೆ ತೊಡಕಿನದು. ಅಲ್ಲೂ ಜನ ಎಡವುತ್ತಾರೆ.

ಒಬ್ಬ ಹುಡುಗ ಛಾಪಾ ಕಾಗದ ತಂದು ತೋರಿಸಿದ. ಗಂಡ ಹೆಂಡತಿ ಸಹಿ, ಎರಡೂ ಕಡೆಯ ಹಿರಿಯರ ಸಹಿ, ಕೆಳಗೆ ನೋಟರಿ ಸೀಲು. ‘ಇಂದಿನಿಂದ ನಮ್ಮಿಬ್ಬರ ನಡುವೆ ಯಾವ ಸಂಬಂಧವೂ ಇರುವುದಿಲ್ಲ’ ಎಂದು ನೀಟಾಗಿ ಟೈಪ್ ಮಾಡಿಸಿದ್ದರು. ಅವನಿಗೆ ಆಗಲೇ ಇನ್ನೊಂದು ಸಂಬಂಧ ಕುದುರಿತ್ತು. ‘ಸರ್, ನೋಟರಿ ಆಗಿದೆಯಲ್ಲ?’ ಅಂತ ಮೂರು ಸಲ ಕೇಳಿದ. ನೋಟರಿ ಸೀಲಿನಿಂದ ಮದುವೆ ಮುರಿಯುವುದಿಲ್ಲ. ಊರ ಹಿರಿಯರ ತೀರ್ಮಾನದಿಂದಲೂ ಇಲ್ಲ. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯೇ ಉಳಿಸಿಕೊಂಡಿದೆ, ನಿಜ. ಆದರೆ ಅಂಥ ರೂಢಿ ಹಿಂದಿನಿಂದಲೂ ನಡೆದು ಬಂದಿದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅದು ಆಗದಿದ್ದರೆ ಎರಡನೇ ಮದುವೆ ಊರ್ಜಿತವಲ್ಲ. ಸಾಲದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಜೈಲು ಆಗಬಹುದು.

ಇಬ್ಬರಿಗೂ ಒಪ್ಪಿಗೆ ಇದ್ದರೆ ದಾರಿ ನೇರ ಇದೆ. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ 13ಬಿ ಸೆಕ್ಷನ್ ಸೇರಿತು. ಒಂದು ವರ್ಷದಿಂದ ಬೇರೆ ಇರಬೇಕು. ಜಂಟಿ ಅರ್ಜಿ ಹಾಕಬೇಕು. ಆರು ತಿಂಗಳು ಕಾದು, ಹದಿನೆಂಟು ತಿಂಗಳೊಳಗೆ ಮತ್ತೆ ಬಂದು ‘ಹೌದು, ನಮಗೆ ಬೇಡ’ ಅನ್ನಬೇಕು. ಇದರಲ್ಲಿ ‘ಬೇರೆ ಇರುವುದು’ ಅನ್ನುವ ಮಾತು ಬಹಳ ಜನರನ್ನು ಗೊಂದಲಕ್ಕೆ ಹಾಕುತ್ತದೆ. ಬೇರೆ ಮನೆ ಮಾಡಲೇಬೇಕು ಎಂದೇನಿಲ್ಲ. ಒಂದೇ ಸೂರಿನ ಕೆಳಗಿದ್ದೂ ಗಂಡ ಹೆಂಡತಿಯಾಗಿ ಬಾಳುತ್ತಿಲ್ಲ ಅಂದರೆ ಅದೂ ಬೇರೆ ಇದ್ದ ಹಾಗೆಯೇ ಎಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಬೆಂಗಳೂರಿನ ಬಾಡಿಗೆಯಲ್ಲಿ ಎರಡು ಮನೆ ಮಾಡಲಾಗದವರಿಗೆ ಈ ಮಾತು ದೊಡ್ಡ ಉಪಕಾರ. ಅದೇ ತೀರ್ಪು ಇನ್ನೊಂದನ್ನೂ ಹೇಳುತ್ತದೆ: ಮೊದಲ ಸಲ ಒಪ್ಪಿದವರು ಎರಡನೇ ಸಲ ಬರುವ ಮುಂಚೆ ಮನಸ್ಸು ಬದಲಾಯಿಸಬಹುದು. ಹಾಗಾಗಿ ಪೂರ್ತಿ ದುಡ್ಡನ್ನು ಮೊದಲ ದಿನವೇ ಕೈಗೆ ಕೊಟ್ಟುಬಿಡಬೇಡಿ, ಒಂದು ಭಾಗವನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳಿ ಎಂದು ವಕೀಲರು ಹೇಳುತ್ತಾರೆ. ಅದು ಬರೀ ಜಿಪುಣತನದ ಸಲಹೆಯಲ್ಲ.

ಆರು ತಿಂಗಳು ಕಾಯಲೇಬೇಕಾ? 2017ರಿಂದ ಹಾಗೇನಿಲ್ಲ. ಅರ್ಜಿ ಹಾಕುವ ಹೊತ್ತಿಗೆ ಬೇರೆಯಾಗಿ ಒಂದೂವರೆ ವರ್ಷ ಆಗಿರಬೇಕು. ರಾಜಿ ಪ್ರಯತ್ನ ಸೋತಿರಬೇಕು. ದುಡ್ಡು, ಮಗು ಎಲ್ಲ ಇತ್ಯರ್ಥ ಆಗಿರಬೇಕು. ಇನ್ನು ಕಾದರೆ ಸುಮ್ನೆ ನೋವು ಅನ್ನುವಂತಿದ್ದರೆ ಜಡ್ಜ್ ಆ ಆರು ತಿಂಗಳನ್ನು ಬಿಡಬಹುದು. ಇದಕ್ಕೆ ಬೇರೆ ಅರ್ಜಿ ಹಾಕಿ ಕೇಳಬೇಕು. ಕೇಳಿದವರಿಗೆಲ್ಲ ಸಿಗುವುದೂ ಇಲ್ಲ.

ಒಬ್ಬರು ಒಪ್ಪದಿದ್ದಾಗ ಕಥೆ ಉದ್ದ. ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು, ಪರಸಂಗ, ಮತಾಂತರ, ಗುಣವಾಗದ ಮಾನಸಿಕ ಕಾಯಿಲೆ, ಏಳು ವರ್ಷದಿಂದ ಪತ್ತೆ ಇಲ್ಲದಿರುವುದು. ಇಂಥ ಕಾರಣಗಳಲ್ಲಿ ಒಂದನ್ನು ರುಜುವಾತು ಮಾಡಬೇಕು. ಕ್ರೌರ್ಯ ಅಂದರೆ ಹೊಡೆತವೇ ಆಗಬೇಕಿಲ್ಲ. ಮಾನಸಿಕ ಹಿಂಸೆಯೂ ಸೇರುತ್ತದೆ. ಆದರೆ ‘ನಮಗೆ ಸರಿ ಹೊಂದುತ್ತಿಲ್ಲ’ ಅನ್ನುವುದು ಇವತ್ತಿಗೂ ಕಾಯ್ದೆಯಲ್ಲಿ ಕಾರಣವಾಗಿಲ್ಲ. ಮದುವೆ ಸರಿಮಾಡಲಾಗದಷ್ಟು ಮುರಿದಿದೆ ಎಂದು ವಿಚ್ಛೇದನ ಕೊಡುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ. ಸಂವಿಧಾನದ 142ನೇ ವಿಧಿಯಡಿ ಆ ಅಧಿಕಾರ ಇದೆ ಎಂದು ಐವರು ನ್ಯಾಯಮೂರ್ತಿಗಳ ಪೀಠ 2023ರ ಮೇ 1ರಂದು ಹೇಳಿತು. ಆವತ್ತು ವಾಟ್ಸಾಪಿನಲ್ಲಿ ‘ಇನ್ನು ಡೈವೋರ್ಸ್ ಒಂದೇ ದಿನದಲ್ಲಿ’ ಎಂಬ ಸಂದೇಶ ಓಡಾಡಿತ್ತು. ಹಾಗಲ್ಲ. ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಿ ಡೈವೋರ್ಸ್ ಕೊಡಿ ಎನ್ನುವಂತಿಲ್ಲ ಎಂದು ಅದೇ ತೀರ್ಪಿನಲ್ಲಿದೆ.

ಇದು ಹಿಂದೂ ಕಾಯ್ದೆಯಲ್ಲಿ ಮದುವೆಯಾದವರ ಮಾತು. ಬೌದ್ಧರು, ಜೈನರು, ಸಿಖ್ಖರೂ ಇದರೊಳಗೇ ಬರುತ್ತಾರೆ. ರಿಜಿಸ್ಟ್ರಾರ್ ಮುಂದೆ ವಿಶೇಷ ವಿವಾಹ ಕಾಯ್ದೆಯಲ್ಲಿ ಆದವರಿಗೆ ಹೆಚ್ಚುಕಡಿಮೆ ಇದೇ ದಾರಿ. ಕ್ರೈಸ್ತರಿಗೆ 1869ರ ಕಾಯ್ದೆ ಇದೆ, ಒಪ್ಪಿಗೆಯ ವಿಚ್ಛೇದನ ಅದರೊಳಗೆ ಬಂದದ್ದು 2001ರಲ್ಲಿ. ಮುಸ್ಲಿಂ ಹೆಂಗಸರಿಗೆ 1939ರ ಕಾಯ್ದೆಯ ಕಾರಣಗಳಿವೆ, ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನವಾದ ಖುಲಾ ಇದೆ. ಒಂದೇ ಉಸಿರಿನಲ್ಲಿ ಮೂರು ಸಲ ಹೇಳುವ ತಲಾಕ್ 2017ರಲ್ಲಿ ಬಿದ್ದುಹೋಯಿತು, 2019ರಿಂದ ಅಪರಾಧವೂ ಹೌದು.

ಇನ್ನು ದುಡ್ಡು. ಇಲ್ಲಿ ಬಾಯಿಂದ ಬಾಯಿಗೆ ಹೋಗುವ ಸುಳ್ಳುಗಳೇ ಜಾಸ್ತಿ.

‘ಸಂಬಳದ ಕಾಲು ಭಾಗ ಕೊಡಬೇಕಂತೆ, ಹೌದಾ?’ ಇಂಥ ಲೆಕ್ಕದ ಪಟ್ಟಿ ನಮ್ಮ ಯಾವ ಕಾಯ್ದೆಯಲ್ಲೂ ಇಲ್ಲ. 2017ರ ಒಂದು ಪ್ರಕರಣದಲ್ಲಿ, ಗಂಡನ ನಿವ್ವಳ ಸಂಬಳದ ಶೇಕಡಾ 25 ಅನ್ನುವುದು ನ್ಯಾಯವಾದ ಮೊತ್ತವಾದೀತು ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಆ ಮಾತು ಕಾರಿಡಾರಿಗೆ ಬರುವಷ್ಟರಲ್ಲಿ ಕಾನೂನೇ ಆಗಿಬಿಟ್ಟಿದೆ. ನಿಜಕ್ಕೂ ಜಡ್ಜ್ ನೋಡುವುದು ಇಬ್ಬರ ಆದಾಯ, ಆಸ್ತಿ, ಓದು, ವಯಸ್ಸು, ಆರೋಗ್ಯ, ಮದುವೆ ಎಷ್ಟು ವರ್ಷ ನಡೆಯಿತು, ಮನೆ ಮಕ್ಕಳಿಗಾಗಿ ಯಾರು ಕೆಲಸ ಬಿಟ್ಟರು, ಒಟ್ಟಿಗಿದ್ದಾಗ ಬಾಳಿದ ರೀತಿ ಏನು ಎಂಬುದನ್ನು. 2024ರ ಡಿಸೆಂಬರಿನ ಒಂದು ತೀರ್ಪು ಇದಕ್ಕೆ ಒಂದು ಗೆರೆಯನ್ನೂ ಎಳೆಯಿತು. ಬೇರೆಯಾದ ಮೇಲೆ ಗಂಡ ಶ್ರೀಮಂತನಾದರೆ ಹೆಂಡತಿಯನ್ನೂ ಅವನ ಸಮಕ್ಕೆ ತಂದು ನಿಲ್ಲಿಸಲು ಜೀವನಾಂಶ ಇರುವುದಲ್ಲ ಎಂದಿತು. ಇತ್ತ 2025ರ ಮೇ ತಿಂಗಳ ಇನ್ನೊಂದು ತೀರ್ಪು ತಿಂಗಳಿಗೆ 50,000 ರೂಪಾಯಿ ಕೊಡಿಸಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಸಲು ಹೇಳಿತು. ಆ ಏರಿಕೆ ನನಗೆ ಬಹಳ ಮುಖ್ಯ ಅನಿಸಿತು. ಮಗು ಎಲ್‌ಕೆಜಿಯಲ್ಲಿದ್ದಾಗ ಬರೆದ ಮೊತ್ತ ಹೈಸ್ಕೂಲಿನವರೆಗೂ ಹಾಗೇ ನಿಂತಿರುವುದನ್ನು ಕಂಡವರಿಗೆ ಇದು ಗೊತ್ತಾಗುತ್ತದೆ.

ಜೀವನಾಂಶ ಕೇಳುವ ಬಾಗಿಲುಗಳು ಹಲವು. ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ ಕೇಸು ನಡೆಯುವಾಗಿನ ಖರ್ಚಿಗೆ, 25 ಕಾಯಂ ಜೀವನಾಂಶಕ್ಕೆ. ಇವೆರಡರಲ್ಲಿ ಗಂಡನೂ ಕೇಳಬಹುದು ಅನ್ನುವುದು ಬಹಳ ಜನಕ್ಕೆ ಹೊಸ ವಿಷಯ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇನ್ನೊಂದು ಬಾಗಿಲು. ಎಲ್ಲ ಧರ್ಮದವರಿಗೂ ಒಂದೇ ಆದ ಹಳೆಯ ಬಾಗಿಲು ದಂಡ ಪ್ರಕ್ರಿಯಾ ಸಂಹಿತೆ ಅಂದರೆ ಸಿಆರ್‌ಪಿಸಿಯ 125. 2024ರ ಜುಲೈ 1ರಿಂದ ಅದರ ಹೆಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144. ಹೆಂಡತಿ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಇಲ್ಲಿ ಕೇಳಬಹುದು. ಡೈವೋರ್ಸ್ ಆದ ಹೆಂಡತಿಯೂ, ಮತ್ತೆ ಮದುವೆಯಾಗುವ ತನಕ, ಕೇಳಬಹುದು. ಡೈವೋರ್ಸ್ ಕೇಸೇ ಹಾಕದೆ ಬರೀ ಜೀವನಾಂಶ ಕೇಳಬಹುದಾ ಎಂದು ಎಷ್ಟೋ ಹೆಣ್ಣುಮಕ್ಕಳು ಕೇಳುತ್ತಾರೆ. ಧಾರಾಳವಾಗಿ ಕೇಳಬಹುದು. ಮುಸ್ಲಿಂ ಹೆಂಗಸರ ಬಗ್ಗೆ 1985ರ ಶಾ ಬಾನೊ ತೀರ್ಪಿನಿಂದ ಶುರುವಾದ ಜಗ್ಗಾಟಕ್ಕೂ 2024ರ ಜುಲೈ 10ರಂದು ಸುಪ್ರೀಂ ಕೋರ್ಟು ತೆರೆ ಎಳೆಯಿತು. ವಿಚ್ಛೇದಿತ ಮುಸ್ಲಿಂ ಹೆಣ್ಣಿಗೂ 125 ಅನ್ವಯಿಸುತ್ತದೆ ಎಂದು ಬಿಡಿಸಿ ಹೇಳಿತು.

ಎರಡು ಮೂರು ಕಡೆ ಕೇಸು ಹಾಕಿ ಎಲ್ಲ ಕಡೆಯಿಂದಲೂ ದುಡ್ಡು ಪಡೆಯಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2020ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ನಿಲ್ಲಿಸಿತು. ಒಂದು ಕಡೆ ಸಿಕ್ಕಿದ್ದನ್ನು ಇನ್ನೊಂದು ಕಡೆ ಹೇಳಬೇಕು, ಅದು ಲೆಕ್ಕಕ್ಕೆ ಹೊಂದಿಕೆಯಾಗುತ್ತದೆ. ಅದೇ ತೀರ್ಪು ಜೀವನಾಂಶವನ್ನು ಆದೇಶ ಬಂದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು ಎಂದಿತು. ಮೂರು ವರ್ಷ ವಾಯಿದೆ ಎಳೆದರೆ ಮೂರು ವರ್ಷದ ಬಾಕಿ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ ಎಂದರ್ಥ. ಎಳೆಯುವವರು ಇದನ್ನು ಮರೆತಿರುತ್ತಾರೆ.

ಆ ತೀರ್ಪಿನ ಇನ್ನೊಂದು ಕೊಡುಗೆ ಆಸ್ತಿ ಮತ್ತು ಸಾಲದ ಅಫಿಡವಿಟ್. ಇದನ್ನು ಹತ್ತಿರದಿಂದ ನೋಡಿದ್ದೇನೆ. ಅಕ್ಕನೂ ನಾನೂ ಒಂದು ಭಾನುವಾರ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆವು. ಸಂಬಳ, ಬ್ಯಾಂಕ್ ಖಾತೆಗಳು, ಎಫ್‌ಡಿ, ಪಿಎಫ್, ಷೇರು, ಒಡವೆ, ವಾಹನ, ತಿಂಗಳ ಬಾಡಿಗೆ, ಸ್ಕೂಲ್ ಫೀಸು, ಔಷಧಿ, ಟ್ಯೂಷನ್, ಇರುವ ಸಾಲ ಎಲ್ಲ ಬರೆಯಬೇಕು, ಹಿಂದೆ ಕಾಗದ ಲಗತ್ತಿಸಬೇಕು. ಸ್ಕೂಲ್ ಫೀಸಿನ ರಸೀದಿ ಸಿಕ್ಕಿತು. ವ್ಯಾನಿನವನಿಗೆ ಕೊಡುವುದಕ್ಕೆ ರಸೀದಿ ಎಲ್ಲಿಂದ ತರುವುದು? ಯುಪಿಐ ಇತಿಹಾಸ ತೆಗೆದು ಒಂದೊಂದೇ ತಿಂಗಳು ಹುಡುಕಿದೆವು. ರಾತ್ರಿ ಹತ್ತಕ್ಕೆ ಅಕ್ಕ ಹೇಳಿದಳು, ‘ಮದುವೆಯಾಗಿದ್ದಾಗ ಒಂದು ದಿನವಾದರೂ ಹೀಗೆ ಲೆಕ್ಕ ಬರೆದಿದ್ದರೆ ಎಷ್ಟೋ ವಿಷಯ ಆಗಲೇ ಗೊತ್ತಾಗುತ್ತಿತ್ತು.’

ಈ ಅಫಿಡವಿಟ್ ಎರಡೂ ಕಡೆಯವರು ಹಾಕಬೇಕು. ಸುಳ್ಳು ಹೇಳಿದರೆ ಬ್ಯಾಂಕ್ ಸ್ಟೇಟ್‌ಮೆಂಟು, ಆದಾಯ ತೆರಿಗೆ ರಿಟರ್ನು ಎದುರಿಗೆ ಬಂದು ಕೂರುತ್ತವೆ. ಕೇಸು ಬಂದ ತಕ್ಷಣ ಕೆಲಸ ಬಿಟ್ಟು ‘ನನಗೆ ಆದಾಯವೇ ಇಲ್ಲ’ ಎನ್ನುವ ಹಳೇ ಉಪಾಯವೂ ನಡೆಯುವುದಿಲ್ಲ. ಗಟ್ಟಿಮುಟ್ಟಾಗಿರುವ ಗಂಡ ಮೈ ಮುರಿದು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಖಡಕ್ಕಾಗಿ ಹೇಳಿದೆ. ಹೊಸದಾಗಿ ಕಾರ್ ಲೋನ್ ತೆಗೆದು ‘ಕೈಗೆ ಬರುವುದೇ ಇಷ್ಟು’ ಎಂದು ತೋರಿಸುವುದನ್ನೂ ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗೆಯೇ ಹೆಂಡತಿ ಎಂಎ ಓದಿದ್ದಾಳೆ, ದುಡಿಯಬಲ್ಲಳು ಅನ್ನುವುದೊಂದೇ ಜೀವನಾಂಶ ತಪ್ಪಿಸಲು ಸಾಲದು. ದುಡಿಯಬಲ್ಲ ಶಕ್ತಿ ಬೇರೆ, ನಿಜಕ್ಕೂ ದುಡಿಯುತ್ತಿರುವುದು ಬೇರೆ. ಆದರೆ ನಿಜಕ್ಕೂ ಒಳ್ಳೆಯ ಸಂಬಳವಿದ್ದು ಅದನ್ನು ಮುಚ್ಚಿಟ್ಟರೆ ಅವಳ ಕೇಸಿಗೇ ಪೆಟ್ಟು. ಇಬ್ಬರೂ ದುಡಿಯುತ್ತಿದ್ದರೆ ಮಗುವಿನ ಖರ್ಚನ್ನು ಇಬ್ಬರೂ ಹಂಚಿಕೊಳ್ಳಬೇಕಾಗುತ್ತದೆ.

ಗಂಡ ಕರೆದಾಗ ಹೋಗಲಿಲ್ಲ ಎಂದು ‘ಬಾಳ್ವೆಗೆ ಬಾ’ ಎಂಬ ಡಿಕ್ರಿ ಪಡೆದುಬಿಟ್ಟರೆ ಜೀವನಾಂಶ ತಪ್ಪುತ್ತದೆ ಎಂದು ಕೆಲವರು ಹಿಂದೂ ವಿವಾಹ ಕಾಯ್ದೆಯ 9ನೇ ಸೆಕ್ಷನ್ ಕೇಸು ಹಾಕುತ್ತಾರೆ. ಅಂಥ ಡಿಕ್ರಿ ಇದ್ದರೂ, ಹೋಗದಿರಲು ಸರಿಯಾದ ಕಾರಣ ಇದ್ದರೆ ಅವಳಿಗೆ ಜೀವನಾಂಶ ಸಿಗುತ್ತದೆ ಎಂದು 2025ರ ಜನವರಿಯಲ್ಲಿ ತೀರ್ಪಾಗಿದೆ.

ಆದೇಶ ಸಿಕ್ಕಿತು, ದುಡ್ಡು ಬರಲಿಲ್ಲ. ಆಗ? ಬಾಕಿ ಇರುವ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲಿಗೆ ಕಳಿಸಲು 144ರಲ್ಲಿ ದಾರಿ ಇದೆ. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಅಂತಲ್ಲ, ದುಡ್ಡು ಕೊಡಲೇಬೇಕು. ಇಲ್ಲೊಂದು ಗುಂಡಿ ಇದೆ. ಈ ವಾರಂಟಿಗೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ‘ಇವತ್ತು ಕೊಡುತ್ತಾನೆ, ನಾಳೆ ಕೊಡುತ್ತಾನೆ’ ಎಂದು ಎರಡು ವರ್ಷ ಕಾದ ಹೆಂಗಸರು ಇಲ್ಲಿ ಬೀಳುತ್ತಾರೆ.

ಮಗುವಿನ ವಿಷಯಕ್ಕೆ ಬರೋಣ. ನನಗೆ ಮಾತು ಜಾಸ್ತಿ ಬರುವುದೂ, ತೊದಲುವುದೂ ಇಲ್ಲೇ.

ಕೋರ್ಟಿನ ಆವರಣದಲ್ಲಿ ಮಕ್ಕಳನ್ನು ಭೇಟಿ ಮಾಡಿಸುವ ಕೋಣೆ ಇತ್ತು. ಗೋಡೆ ಮೇಲೆ ಬಣ್ಣ ಮಾಸಿದ ಚಿಟ್ಟೆಗಳು. ಒಬ್ಬ ಅಪ್ಪ ಶೂ ಡಬ್ಬ ಹಿಡಿದು ಕಾಯುತ್ತಿದ್ದ. ಮಗ ಬಂದ. ಶೂ ಹಾಕಿಸಲು ಹೋದರೆ ಹಿಮ್ಮಡಿ ಒಳಗೆ ಹೋಗಲಿಲ್ಲ. ಎಂಟು ತಿಂಗಳ ಹಿಂದಿನ ಅಳತೆ. ಹುಡುಗ ‘ಪರವಾಗಿಲ್ಲ ಅಪ್ಪ’ ಎಂದು ಬೆರಳು ಮಡಚಿ ಒತ್ತಿ ನೋಡಿದ. ಬಾಗಿಲ ಹೊರಗೆ ನಿಂತ ಅಮ್ಮ ನೆಲ ನೋಡುತ್ತಿದ್ದಳು. ಯಾರ ತಪ್ಪು ಎಂದು ನನಗೆ ಗೊತ್ತಿಲ್ಲ. ಎಂಟು ತಿಂಗಳಂತೂ ಹೋಗಿತ್ತು.

ಕಸ್ಟಡಿ ಬಗ್ಗೆ ಬರುವ ಮೊದಲ ಪ್ರಶ್ನೆ ಹೆಚ್ಚಾಗಿ ವಯಸ್ಸಿನದು. ‘ಐದು ವರ್ಷದವರೆಗೆ ಅಮ್ಮ, ಆಮೇಲೆ ಅಪ್ಪ, ಅಲ್ವಾ?’ ಅರ್ಧ ನಿಜ. 1956ರ ಹಿಂದೂ ಅಪ್ರಾಪ್ತರ ಮತ್ತು ಪೋಷಕತ್ವ ಕಾಯ್ದೆ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ಅಮ್ಮನ ಹತ್ತಿರ ಇರಬೇಕು ಎನ್ನುತ್ತದೆ. ‘ಸಾಮಾನ್ಯವಾಗಿ’ ಅನ್ನುವ ಮಾತನ್ನು ಗಮನಿಸಿ. ಐದು ತುಂಬಿದ ದಿನ ಮಗು ತಾನಾಗಿ ಅಪ್ಪನ ಮನೆಗೆ ವರ್ಗವಾಗುವುದಿಲ್ಲ. ಅಲ್ಲಿಂದಾಚೆಗೂ ಮೊದಲೂ ಅಳತೆಗೋಲು ಒಂದೇ: ಮಗುವಿನ ಹಿತ. ಇದು 1890ರ ಪೋಷಕರು ಮತ್ತು ಪೋಷಿತರ ಕಾಯ್ದೆಯಿಂದಲೂ ಇದೆ. ಮಕ್ಕಳು ಆಸ್ತಿಪಾಸ್ತಿಯಲ್ಲ, ಅಪ್ಪ ಅಮ್ಮನ ಆಟದ ಸಾಮಾನೂ ಅಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟು 1973ರಲ್ಲೇ ಆಡಿದೆ.

ಹಿತ ಅಂದರೆ ಯಾರ ಹತ್ತಿರ ದುಡ್ಡು ಜಾಸ್ತಿ ಎಂದಲ್ಲ. ದುಡ್ಡಿದ್ದವರಿಂದ ದುಡ್ಡು ಕೊಡಿಸಬಹುದು, ಅದಕ್ಕೆ ಮಗುವನ್ನು ಕಳಿಸಬೇಕಿಲ್ಲ. ಇಷ್ಟು ದಿನ ಊಟ ಮಾಡಿಸಿ, ಹೋಂವರ್ಕ್ ನೋಡಿ, ಜ್ವರ ಬಂದಾಗ ಎದ್ದು ಕೂತವರು ಯಾರು? ಸ್ಕೂಲು, ಗೆಳೆಯರು, ಅಜ್ಜಿ ಮನೆ ಎಲ್ಲಿದೆ? ಅಣ್ಣ ತಂಗಿ ಬೇರೆಯಾಗುತ್ತಾರಾ? ಮುಖ್ಯವಾಗಿ, ಮಗುವನ್ನು ಇಟ್ಟುಕೊಂಡವರು ಇನ್ನೊಬ್ಬರ ಜೊತೆ ಅದರ ಸಂಬಂಧ ಉಳಿಸುತ್ತಾರಾ? ಈ ಕೊನೆಯದಕ್ಕೆ ಕೋರ್ಟುಗಳು ಈಗ ಮೊದಲಿಗಿಂತ ತೂಕ ಕೊಡುತ್ತಿವೆ. ಮಗುವಿನ ಕಿವಿಯಲ್ಲಿ ದಿನವೂ ಅಪ್ಪನನ್ನೋ ಅಮ್ಮನನ್ನೋ ಬೈದು ದೂರ ಮಾಡುವುದು ಮಗುವಿಗೇ ಹಾನಿ ಎಂದು 2017ರ ಸುಪ್ರೀಂ ಕೋರ್ಟ್ ತೀರ್ಪೊಂದು ವಿಸ್ತಾರವಾಗಿ ಬರೆದಿದೆ.

ಮಗುವನ್ನೇ ಕೇಳುತ್ತಾರಾ? ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಕೇಳಬಹುದು. ಇಂಥದೇ ವಯಸ್ಸು ಎಂದು ಕಾಯ್ದೆ ಹೇಳಿಲ್ಲ. ಸಾಮಾನ್ಯವಾಗಿ ಜಡ್ಜ್ ತಮ್ಮ ಚೇಂಬರಿಗೆ ಕರೆದು, ಅಪ್ಪ ಅಮ್ಮ ಇಲ್ಲದಾಗ ಮಾತಾಡಿಸುತ್ತಾರೆ. ಯಾವ ಸಬ್ಜೆಕ್ಟ್ ಇಷ್ಟ, ರಾತ್ರಿ ಯಾರ ಹತ್ತಿರ ಮಲಗುತ್ತೀಯ ಎಂದು ಸುತ್ತಿ ಬಳಸಿ ಕೇಳುತ್ತಾರೆ. ಹೇಳಿಕೊಟ್ಟ ಮಾತು ಬೇಗ ಗೊತ್ತಾಗುತ್ತದೆ. ‘ನನ್ನ ತಂದೆಯವರು ಜವಾಬ್ದಾರಿ ನಿರ್ವಹಿಸಿಲ್ಲ’ ಎಂದು ಆರು ವರ್ಷದ ಮಗು ಹೇಳಿದರೆ ಯಾರಿಗಾದರೂ ಗೊತ್ತಾಗುವುದಿಲ್ಲವಾ?

ಇಬ್ಬರಿಗೂ ಸಮನಾಗಿ ಹಂಚಬಹುದಾ? ನಮ್ಮ ಕಾಯ್ದೆಗಳಲ್ಲಿ ಜಂಟಿ ಕಸ್ಟಡಿ ಎಂಬ ಪದ ಸಿಗುವುದಿಲ್ಲ. ಆದರೆ ಕೋರ್ಟುಗಳು ಮಾಡಿ ತೋರಿಸಿವೆ. ಕರ್ನಾಟಕ ಹೈಕೋರ್ಟೇ 2013ರಲ್ಲಿ ಒಂದು ಪ್ರಕರಣದಲ್ಲಿ ಜನವರಿಯಿಂದ ಜೂನ್‌ವರೆಗೆ ಅಪ್ಪನ ಹತ್ತಿರ, ಜುಲೈನಿಂದ ಡಿಸೆಂಬರ್‌ವರೆಗೆ ಅಮ್ಮನ ಹತ್ತಿರ ಎಂದಿತು. ಖರ್ಚು ಅರ್ಧರ್ಧ. ಮಗು ಒಬ್ಬರ ಹತ್ತಿರ ಇದ್ದಾಗ ಇನ್ನೊಬ್ಬರಿಗೆ ಶನಿವಾರ ಭಾನುವಾರ ಭೇಟಿ, ಜೊತೆಗೆ ಫೋನು, ವಿಡಿಯೊ ಕರೆ. ಕೇಂದ್ರ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಇದನ್ನು ಉದಾಹರಿಸಿ, ಜಂಟಿ ಕಸ್ಟಡಿಯನ್ನು ಕಾಯ್ದೆಗೆ ಸೇರಿಸಿ ಎಂದು ಶಿಫಾರಸು ಮಾಡಿತು. ಕಾಯ್ದೆ ಇನ್ನೂ ಹಾಗೇ ಇದೆ. ನನ್ನ ಮಟ್ಟಿಗೆ, ಆರಾರು ತಿಂಗಳ ಹಂಚಿಕೆ ಚೆಂದ ಕಾಣುವುದು ಕಾಗದದ ಮೇಲೆ. ಅಪ್ಪ ಅಮ್ಮ ಒಂದೇ ಊರಿನಲ್ಲಿ, ಒಂದೇ ಸ್ಕೂಲಿನ ಆಸುಪಾಸಿನಲ್ಲಿ ಇದ್ದು, ಜ್ವರದ ಔಷಧಿ ಎಷ್ಟು ಹೊತ್ತಿಗೆ ಕೊಟ್ಟೆ ಎಂದು ಒಬ್ಬರಿಗೊಬ್ಬರು ಹೇಳುವಷ್ಟು ಮಾತು ಉಳಿದಿದ್ದರೆ ಮಾತ್ರ ನಡೆದೀತು. ಅಷ್ಟು ಮಾತು ಉಳಿಸಿಕೊಂಡವರು ಕೋರ್ಟಿನಲ್ಲಿ ಕಡಿಮೆ.

ಹೆಚ್ಚಾಗಿ ಆಗುವುದು ಒಬ್ಬರಿಗೆ ಕಸ್ಟಡಿ, ಇನ್ನೊಬ್ಬರಿಗೆ ಭೇಟಿ. ವಾರಾಂತ್ಯ, ಹಬ್ಬ, ರಜೆಯಲ್ಲಿ ಅರ್ಧ. ದೂರ ಇದ್ದರೆ ವಿಡಿಯೊ ಕರೆ. ಮಗುವಿಗೆ ಅಪ್ಪ ಅಮ್ಮ ಇಬ್ಬರ ಒಡನಾಟವೂ ಬೇಕು, ಭೇಟಿ ಆಗದಿದ್ದರೆ ಕರೆಯ ಮೂಲಕವಾದರೂ ಸಂಪರ್ಕ ಇರಲಿ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದೇಶ ಬರೆಸುವಾಗ ಹಟ ಹಿಡಿದು ಸಣ್ಣ ಸಣ್ಣದನ್ನೂ ಬರೆಸಿ. ‘ವಾರಕ್ಕೊಮ್ಮೆ ಭೇಟಿ’ ಎಂದಷ್ಟೇ ಇದ್ದರೆ ಜಗಳ ಗ್ಯಾರಂಟಿ. ಯಾವ ದಿನ, ಎಷ್ಟು ಗಂಟೆಗೆ, ಯಾರು ಕರೆತರಬೇಕು, ಮಗುವಿಗೆ ಹುಷಾರಿಲ್ಲದಿದ್ದರೆ ಬದಲಿ ದಿನ ಯಾವುದು, ಪರೀಕ್ಷೆ ಬಂದರೆ ಏನು, ದೀಪಾವಳಿ ಈ ವರ್ಷ ಯಾರಿಗೆ, ಎಲ್ಲ ಇರಬೇಕು.

ಕಸ್ಟಡಿ ಆದೇಶ ಕಲ್ಲಿನ ಮೇಲೆ ಕೊರೆದದ್ದಲ್ಲ. ಮಗು ಬೆಳೆಯುತ್ತದೆ, ಊರು ಬದಲಾಗುತ್ತದೆ, ಒಬ್ಬರಿಗೆ ಮತ್ತೆ ಮದುವೆ ಆಗುತ್ತದೆ. ಪರಿಸ್ಥಿತಿ ಬದಲಾದರೆ ಬದಲಾವಣೆ ಕೇಳಬಹುದು. ಅಮ್ಮ ಮತ್ತೆ ಮದುವೆಯಾದಳು ಅನ್ನುವುದೊಂದೇ ಕಾರಣಕ್ಕೆ ಮಗು ಅವಳ ಕೈತಪ್ಪುವುದಿಲ್ಲ. ಅವಳಿಗೆ ಬರುತ್ತಿದ್ದ ಜೀವನಾಂಶ ನಿಲ್ಲಬಹುದು. ಮಗುವಿನ ಪಾಲು ನಿಲ್ಲುವುದಿಲ್ಲ. ಇದೇ ಕಾರಣಕ್ಕೆ ರಾಜಿ ಪತ್ರದಲ್ಲಿ ‘ನನಗೂ ಮಗುವಿಗೂ ಏನೂ ಬೇಡ’ ಎಂದು ಅಮ್ಮ ಬರೆದುಕೊಟ್ಟರೂ ಮಗುವಿನ ಹಕ್ಕು ಅಳಿಯುವುದಿಲ್ಲ. ತನ್ನದನ್ನು ಬಿಡಬಹುದು, ಮಗುವಿನದನ್ನು ಬಿಡಲು ಅದು ಅವಳದಲ್ಲ.

ಒಬ್ಬರು ಮಗುವನ್ನು ಎತ್ತಿಕೊಂಡು ಬೇರೆ ಊರಿಗೆ ಹೋಗಿಬಿಟ್ಟರೆ? ಕಸ್ಟಡಿ ಅರ್ಜಿ ಹಾಕಬೇಕಾದದ್ದು ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಕೋರ್ಟಿನಲ್ಲಿ. ಅನ್ಯಾಯವಾಗಿ ಹಿಡಿದಿಟ್ಟಿದ್ದರೆ ಮಗುವನ್ನು ಕೋರ್ಟಿನ ಮುಂದೆ ತರಿಸಿ ಎಂದು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿಯೂ ಹಾಕಬಹುದು. ವಿದೇಶದಲ್ಲಿದ್ದವರ ಪಾಡು ಇನ್ನೂ ಕಷ್ಟ. ಹೀಗೆ ಗಡಿ ದಾಟಿದ ಮಕ್ಕಳನ್ನು ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಅಲ್ಲಿನ ಕೋರ್ಟಿನ ಆದೇಶವನ್ನು ಇಲ್ಲಿ ಒಂದು ಅಂಶವಾಗಿ ನೋಡುತ್ತಾರೆ. ಆದರೆ ಕೊನೆಗೆ ನೋಡುವುದು ಮತ್ತೆ ಮಗುವಿನ ಹಿತವನ್ನೇ.

ಮನೆ ಮತ್ತು ಒಡವೆ ಬಗ್ಗೆ ಎರಡು ಮಾತು. ‘ಮನೆಯಲ್ಲಿ ಅರ್ಧ ಪಾಲು ಬರುತ್ತದಾ?’ ನಮ್ಮಲ್ಲಿ ಡೈವೋರ್ಸ್ ಆದರೆ ಆಸ್ತಿಯನ್ನು ಅರ್ಧರ್ಧ ಮಾಡುವ ಕಾಯ್ದೆ ಇಲ್ಲ. ಯಾರ ಹೆಸರಿನಲ್ಲಿದೆಯೋ ಅವರದು. ಜಂಟಿ ಹೆಸರಲ್ಲಿದ್ದರೆ ಬೇರೆ ಮಾತು. ಆದರೆ ಇರುವ ಹಕ್ಕು ಬೇರೆ, ಒಡೆತನ ಬೇರೆ. ಗಂಡನ ಜೊತೆ ಬಾಳಿದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೌಟುಂಬಿಕ ದೌರ್ಜನ್ಯ ಕಾಯ್ದೆಯನ್ನು ಬಿಡಿಸಿ ಹೇಳಿತು. ಮದುವೆಯಲ್ಲಿ ಅವಳಿಗೆ ಕೊಟ್ಟ ಒಡವೆ, ಪಾತ್ರೆ, ದುಡ್ಡು ಸ್ತ್ರೀಧನ. ಅದು ಅವಳದೇ. ಅತ್ತೆಯ ಲಾಕರಿನಲ್ಲಿ ಇಟ್ಟ ಮಾತ್ರಕ್ಕೆ ಅತ್ತೆಯದಾಗುವುದಿಲ್ಲ. ಮದುವೆ ಫೋಟೊಗಳನ್ನು ಸಿಟ್ಟಿನಲ್ಲಿ ಹರಿಯಬೇಡಿ, ಯಾವ ಸರ ಯಾರ ಕತ್ತಿನಲ್ಲಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಸಾಕ್ಷಿ ಅಂದಾಗ ನೆನಪಾಯಿತು, ಫೋನ್ ರೆಕಾರ್ಡಿಂಗ್. ಗಂಡನೋ ಹೆಂಡತಿಯೋ ಇನ್ನೊಬ್ಬರಿಗೆ ಗೊತ್ತಾಗದಂತೆ ಮಾಡಿಕೊಂಡ ರೆಕಾರ್ಡಿಂಗನ್ನು ವಿಚ್ಛೇದನದ ಕೇಸಿನಲ್ಲಿ ಸಾಕ್ಷಿಯಾಗಿ ಹಾಜರುಪಡಿಸಬಹುದು ಎಂದು 2025ರ ಜುಲೈ 14ರಂದು ಸುಪ್ರೀಂ ಕೋರ್ಟು ಹೇಳಿದೆ. ಇದಾದ ಮೇಲೆ ಫೋನ್ ಮಾಡಿದವರಲ್ಲಿ ಹಲವರು ಮೊದಲು ಹೇಳುವುದೇ ‘ನನ್ನ ಹತ್ತಿರ ರೆಕಾರ್ಡಿಂಗ್ ಇದೆ’ ಎಂದು. ಇರಲಿ. ಆದರೆ ನಲವತ್ತು ಗಂಟೆ ಜಗಳವನ್ನು ಯಾವ ಜಡ್ಜ್ ಕೂತು ಕೇಳುತ್ತಾರೆ? ಅದರಲ್ಲಿ ನಿಮ್ಮ ಬಾಯಿಂದ ಬಂದ ಮಾತೂ ಇರುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನೆ ಕೂತ ಹೆಂಗಸರನ್ನು ಕಂಡಾಗ ನನಗೆ ಬೇಜಾರಾಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯೇ ಇಲ್ಲ, ಉಚಿತವಾಗಿ ವಕೀಲರು ಸಿಗುತ್ತಾರೆ. ಗಂಡಸರಿಗೂ ಆದಾಯ ಕಡಿಮೆ ಇದ್ದರೆ ಸಿಗುತ್ತದೆ. ಜಿಲ್ಲಾ ನ್ಯಾಯಾಲಯದಲ್ಲಿ ಪ್ರಾಧಿಕಾರದ ಕಚೇರಿ, ತಾಲ್ಲೂಕು ಕೋರ್ಟಿನಲ್ಲಿ ಸಮಿತಿ ಇದೆ. ಸಹಾಯವಾಣಿ 15100. ಹೋಗುವಾಗ ಮದುವೆಯ ಲಗ್ನಪತ್ರಿಕೆ ಅಥವಾ ನೋಂದಣಿ ಪತ್ರ, ಒಂದು ಮದುವೆ ಫೋಟೊ, ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಕಳೆದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಸ್ಕೂಲ್ ಫೀಸಿನ ರಸೀದಿ ತೆಗೆದುಕೊಂಡು ಹೋಗಿ. ಹೆಂಡತಿ ಡೈವೋರ್ಸ್ ಅಥವಾ ಜೀವನಾಂಶದ ಅರ್ಜಿ ಹಾಕುವುದಾದರೆ ತಾನೀಗ ಇರುವ ಊರಿನಲ್ಲೇ ಹಾಕಬಹುದು. ತವರಿನಿಂದ ಗಂಡನ ಊರಿಗೆ ಬಸ್ಸು ಹತ್ತಬೇಕಾಗಿಲ್ಲ.